ಅಡುಗೆಮನೆಯಲ್ಲಿ ಉಳಿದವರು

ನಾನು ಸತ್ತದ್ದು ಒಂದು ಮಂಗಳವಾರ ಮಧ್ಯಾಹ್ನ, ಮಾಳಿಗೆಯ ಮೇಲೆ ಹಪ್ಪಳ ಒಣಹಾಕಿ ಕೆಳಗಿಳಿಯುವಾಗ. ಬೀಳಲಿಲ್ಲ, ಜಾರಲೂ ಇಲ್ಲ. ನಿಚ್ಚಣಿಕೆಯ ನಡುವೆ ಕಾಲಿಟ್ಟಾಗ, ಎದೆಯೊಳಗಿನ ದೀಪದ ಕುಡಿಯನ್ನು ಯಾರೋ ಒದ್ದೆ ಬೆರಳಿನಿಂದ ಒತ್ತಿದ ಹಾಗಾಯಿತು, ಅಷ್ಟೆ. ನೋವಿರಲಿಲ್ಲ. ಉಳಿದ ಮೆಟ್ಟಿಲು ಇಳಿದು, ಹಿಟ್ಟಿನ ಕೈ ತೊಳೆದುಕೊಂಡು, ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕೂತಿದ್ದ ತಂಗೆವ್ವನ ಪಕ್ಕದಲ್ಲಿ ಕೂತೆ. “ಅಕ್ಕಾ, ನಾನೂ ಬಂದ್ನಿ” ಎಂದೆ. ಅವಳು ತಿರುಗಿ ನೋಡಲಿಲ್ಲ. ಸತ್ತವರು ಮಾತಾಡುವುದಿಲ್ಲ ಎಂಬುದು ಆಗ ನೆನಪಾಗಿ ನಾನೂ ಬಾಯಿ ಮುಚ್ಚಿಕೊಂಡೆ.

ತಂಗೆವ್ವ ನನ್ನ ಗಂಡ ಅಡಿವೆಪ್ಪನ ಮೊದಲ ಹೆಂಡತಿ. ನಾನು ಮದುವೆಯಾಗಿ ಆ ಮನೆಗೆ ಕಾಲಿಡುವ ಮುಂಚೆಯೇ ಸತ್ತಿದ್ದಳು. ನಮ್ಮ ಊರಿನಲ್ಲಿ ಗಂಡನ ಮನೆಯಲ್ಲಿ ಸತ್ತ ಹೆಂಗಸರು ಹೋಗುವುದಿಲ್ಲ. ಮೂರನೆಯ ದಿನ ಎದ್ದು ಬಂದು ಅಡುಗೆಮನೆಯಲ್ಲಿ ಕೂರುತ್ತಾರೆ. ಬೀಸುತ್ತಾರೆ, ಬೆಳಗುತ್ತಾರೆ, ರೊಟ್ಟಿ ಬಡಿಯುತ್ತಾರೆ. ಮಾತಿಲ್ಲ, ನಗುವಿಲ್ಲ, ಯಾರ ಮುಖವನ್ನೂ ನೋಡುವುದಿಲ್ಲ. ಆ ಮನೆಯಲ್ಲಿ ಮುಂದೆ ಇನ್ನೊಬ್ಬ ಹೆಂಗಸು ಸತ್ತಾಗ ಮೊದಲಿನವಳು ಒಂದು ಬೆಳಗ್ಗೆ ಇರುವುದಿಲ್ಲ. ಅವಳ ಜಾಗದಲ್ಲಿ ಹೊಸಬಳು ಕೂತಿರುತ್ತಾಳೆ. ಇಂಥವರಿಗೆ ನಮ್ಮ ಕಡೆ ಉಳಿದವರು ಎನ್ನುತ್ತಾರೆ. ಗಂಡಸರು ಸತ್ತರೆ ನೇರ ಮಣ್ಣಿಗೆ ಹೋಗುತ್ತಾರೆ. ಅವರು ಯಾಕೆ ಉಳಿಯುವುದಿಲ್ಲ ಎಂದು ಚಿಕ್ಕಂದಿನಲ್ಲಿ ನನ್ನ ಅಣ್ಣನನ್ನು ಕೇಳಿದ್ದೆ. “ಉಳದು ಏನ್ ಮಾಡಬೇಕು? ಗಂಡಸರಿಗೆ ಮನ್ಯಾಗ ಏನ್ ಕೆಲಸಿರ್ತೈತಿ?” ಅಂದಿದ್ದ.

ಊರು ಇದಕ್ಕೆ ಎಂದೋ ಹೊಂದಿಕೊಂಡಿತ್ತು. ಹೆಣ್ಣು ಕೇಳಲು ಬಂದಾಗ ನನ್ನ ಅತ್ತೆ ಅಂಬವ್ವ ಅಣ್ಣನ ಮುಂದೆ ಹೇಳಿದ ಮೊದಲ ಮಾತೇ ಅದು. “ಮನ್ಯಾಗ ಉಳಿದಾಕಿ ಒಬ್ಬಾಕಿ ಅದಾಳ. ನಿಮ್ಮ ತಂಗಿ ಮ್ಯಾಲೆ ಕೆಲಸದ ಭಾರ ಬೀಳೂದಿಲ್ಲ.” ಅಣ್ಣನಿಗೆ ಸಮಾಧಾನವಾಯಿತು. ಅತ್ತಿಗೆಯಂತೂ ನನ್ನ ಕೆನ್ನೆ ಹಿಂಡಿ, “ಪುಣ್ಯಾ ಮಾಡಿ ಬಂದಿ” ಅಂದಳು. ಗೃಹಪ್ರವೇಶದ ದಿನ ಉಳಿದವಳಿಗೆ ಸೀರೆ ಉಡಿಸುವುದು ಸೊಸೆಯ ಪದ್ಧತಿ. ನಾನು ಸೀರೆಯನ್ನು ತಂಗೆವ್ವನ ಹೆಗಲಿಗೆ ಹೊದಿಸಿದೆ. ಉಳಿದವರ ಮೈ ಮುಟ್ಟಬಾರದು, ಬಟ್ಟೆಯ ತುದಿ ಹಿಡಿದು ಹೊದಿಸಬೇಕು. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಸಂಜೆ ಒಲೆ ಆರಿಸಿದ ಮೇಲೆ ಉಳಿದವಳಿಗೆಂದು ಎರಡು ರೊಟ್ಟಿ, ಒಂದು ಉಳ್ಳಾಗಡ್ಡಿ ಎಡೆ ಇಡುತ್ತಿದ್ದರು. ಬೆಳಗ್ಗೆ ಅದು ಇರುತ್ತಿರಲಿಲ್ಲ. ಬೆಕ್ಕು ತಿಂದಿರುತ್ತದೆ ಎನ್ನುತ್ತಿದ್ದಳು ಅತ್ತೆ.

ನಮ್ಮದು ಗಾಣದ ಮನೆ. ಕುಸುಬಿ ಎಣ್ಣೆಯ ವಾಸನೆ ಗೋಡೆಗೂ ಹಾಸಿಗೆಗೂ ಹತ್ತಿತ್ತು. ಅಡಿವೆಪ್ಪ ಕೆಟ್ಟವರಲ್ಲ. ಹೊಡೆಯುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ, ತಾಯಿ ಒಂದು ಮಾತು ಹೇಳಿದರೆ ತಲೆ ತಗ್ಗಿಸಿ ಗಾಣದ ಕಡೆಗೆ ಹೋಗುತ್ತಿದ್ದರು. ಆ ಮನೆಯಲ್ಲಿ ನನಗೆ ಕಷ್ಟವಿತ್ತು ಎಂದು ಹೇಳಲಾರೆ. ಕಷ್ಟ ಶುರುವಾದದ್ದು ಮಗಳು ಹುಟ್ಟಿದ ಮೇಲೆ.

ಮಗಳಿಗೆ ಪಾರಿ ಎಂದು ಹೆಸರಿಟ್ಟೆವು. ಅವಳು ಹುಟ್ಟಿದಂದಿನಿಂದ ನನಗೆ ನಿದ್ದೆ ಬರುವುದು ನಿಂತುಹೋಯಿತು. ಕಣ್ಣು ಮುಚ್ಚಿದರೆ ರೆಪ್ಪೆಯ ಒಳಬದಿಯಲ್ಲಿ ಇರುವೆಗಳು ಸಾಲು ಹಿಡಿದು ಹೋಗುತ್ತಿದ್ದವು. ಮಗುವಿನ ಮುಖ ನೋಡಿದರೆ ಅದು ನನ್ನನ್ನು ಬಹಳ ಹಿಂದಿನಿಂದ ಬಲ್ಲದು, ನನ್ನ ಮೇಲೆ ಯಾವುದೋ ದೂರು ಇಟ್ಟುಕೊಂಡಿದೆ ಅನ್ನಿಸುತ್ತಿತ್ತು. ಕಾರಣವಿಲ್ಲದೆ ಅಳುತ್ತಿದ್ದೆ. ಒಮ್ಮೆ ಹಾಲು ಕುಡಿಸುತ್ತಿರುವಾಗಲೇ ಜೋರಾಗಿ ಕೂಗಿಕೊಂಡೆನಂತೆ. ಓಣಿಯ ಜನ ಬಂದು ಬಾಗಿಲಲ್ಲಿ ನಿಂತಿದ್ದರು. ನಾನು ಕೂಗಿದ್ದು ನನಗೆ ಕೇಳಿಸಿರಲಿಲ್ಲ.

ಪಂಡಿತ ಕಲ್ಲಯ್ಯನವರನ್ನು ಕರೆಸಿದರು. ಅವರು ಬಾಗಿಲ ಬಳಿಯೇ ಕೂತು, ನನ್ನನ್ನು ನೋಡದೆ, ಗಂಡನಿಂದ ಎಲ್ಲ ಕೇಳಿಸಿಕೊಂಡರು. “ಬಾಣಂತಿ ಸನ್ನಿ. ಮಾಳಿಗಿ ಮ್ಯಾಲಿನ ಖೋಲಿಯೊಳಗ ಇಡ್ರಿ. ಕಿಟಕಿ ಮುಚ್ಚಿರ್ಲಿ. ಕೂಸು ಹತ್ತಿರ ಬ್ಯಾಡ. ಯಾರೂ ಮಾತಾಡಸಬ್ಯಾಡ್ರಿ” ಎಂದು ಹೇಳಿ ಕಷಾಯದ ಬೇರು ಕೊಟ್ಟರು. ನನ್ನ ಗಂಡ, “ಗುಣ ಆತಂತ ಹೆಂಗ ತಿಳೀತೈತ್ರಿ?” ಎಂದು ಕೇಳಿದಾಗ ಅವರು ಕೊಟ್ಟ ಉತ್ತರ ಗೋಡೆಯಾಚೆಯಿಂದ ನನಗೂ ಕೇಳಿಸಿತು. “ಮಾತಾಡಬೇಕನ್ನೂ ಆಸೆ ಹೋತಂದ್ರ ಗುಣ ಆತಂತ ತಿಳೀರಿ.”

ಆ ಕಷಾಯ ಕುಡಿದರೆ ನಾಲಿಗೆ ದಪ್ಪಗಾಗಿ ಬಾಯಿಯಲ್ಲಿ ಯಾರದೋ ಚಪ್ಪಲಿ ಇಟ್ಟುಕೊಂಡ ಹಾಗಿರುತ್ತಿತ್ತು. ಕೆಳಗೆ ಪಾರಿ ಅತ್ತರೆ ಎದೆಯಿಂದ ಹಾಲು ತಾನಾಗಿ ಸೋರಿ ಕುಪ್ಪಸ ಒದ್ದೆಯಾಗುತ್ತಿತ್ತು. ಬಾಗಿಲು ಬಡಿದೆ, ಬಡಿದೆ. ಆಮೇಲೆ ಬಡಿಯಲಿಲ್ಲ. ಹಾಲು ನಿಂತಿತು. ಕೆಳಗಿನಿಂದ ಬರುವ ಅಳು ಯಾರ ಮಗುವಿನದೋ ಇರಬೇಕು ಅನ್ನಿಸತೊಡಗಿತು. ನನ್ನನ್ನು ಕೆಳಗೆ ಕರೆತಂದಾಗ ಪಾರಿ ಅಂಬೆಗಾಲಿಡುತ್ತಿದ್ದಳು, ನನ್ನನ್ನು ಕಂಡು ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಗುಣವಾಗಿದೆ ಎಂದು ಎಲ್ಲರೂ ಹೇಳಿದರು. ಹಪ್ಪಳದ ಹಿಟ್ಟು ನಾದಲು ಕೂರಿಸಿದರು. ಆ ಹಪ್ಪಳ ಒಣಹಾಕಿ ಇಳಿಯುವಾಗಲೇ ನಾನು ಸತ್ತದ್ದು.

ಅತ್ತೆ ನೀರು ಕೇಳಿದಳು. ನಾನು ಕೊಟ್ಟೆ, ಆದರೆ ಕರೆದದ್ದಕ್ಕೆ ಓಗೊಡಲಿಲ್ಲ. ಅವಳು ಮತ್ತೆ ಮತ್ತೆ ಕರೆದು, ಕೊನೆಗೆ ಗದ್ದ ಹಿಡಿದೆತ್ತಿದಾಗ ಹೇಳಿದೆ. “ಅತ್ತಿ, ನಾ ಸತ್ತೀನಿ.” ಅವಳು ಕೆನ್ನೆಗೆ ಹೊಡೆದಳು. ನೋವಾಯಿತು. ಬದುಕಿನ ಚಟ ಒಂದೇ ದಿನಕ್ಕೆ ಬಿಡುವುದಿಲ್ಲ ಎಂದುಕೊಂಡೆ. ಗಂಡ ಬಂದು ಎದುರಿಗೆ ಕುಕ್ಕರಗಾಲಿನಲ್ಲಿ ಕೂತರು. “ನೀಲಾ, ಹಿಂಗ ಮಾಡಬ್ಯಾಡ. ನನ್ನ ಕಡೆ ನೋಡು” ಎಂದರು. ಅವರಿಗೆ ಏನಾದರೂ ಹೇಳಬಹುದಿತ್ತು ಅಂತ ಈಗ ಅನ್ನಿಸುತ್ತದೆ. ಆಗ ಅವರು ಬಹಳ ದೂರದ ದಂಡೆಯಲ್ಲಿ ಕೂತು ಕರೆಯುತ್ತಿರುವ ಹಾಗೆ ಕಂಡರು.

ಕಲ್ಲಯ್ಯ ಪಂಡಿತರು ಮತ್ತೆ ಬಂದರು. ಈ ಸಲ ಹತ್ತಿರ ಬಂದು ನಾಡಿ ಹಿಡಿದರು. ಬಹಳ ಹೊತ್ತು ಹಿಡಿದಿದ್ದರು. ಆಮೇಲೆ ಕೈ ಬಿಟ್ಟು, ಬೆರಳುಗಳನ್ನು ಪಂಚೆಗೆ ಒರೆಸಿಕೊಂಡರು.

“ಏನ್ರೀ?” ಎಂದಳು ಅತ್ತೆ.

“ಆಕಿ ಹೇಳೂದು ಸುಳ್ಳಂತ ಜಗ್ಗಾಡಿದ್ರ ಮತ್ತ ಅಳು, ಮತ್ತ ಕೂಗಾಟ. ಈಗ ಸಮಾಧಾನ ಅದಾಳ. ಕೆಲಸಾನೂ ಮಾಡತಾಳ. ಇರ್ಲಿ ಬಿಡ್ರಿ.”

“ಇರ್ಲಿ ಅಂದ್ರ? ಸತ್ತೀನಿ ಅಂತಾಳಲ್ಲ.”

ಪಂಡಿತರು ಎದ್ದು ಚಪ್ಪಲಿ ಮೆಟ್ಟಿದರು. “ಮನ್ಯಾಗ ಹುಚ್ಚಿ ಅದಾಳಂದ್ರ ಯಾರೂ ನಿಮ್ಮ ಮಗಗ ಹೆಣ್ಣು ಕೊಡೂದಿಲ್ಲ ಅಂಬವ್ವಾರ. ಉಳಿದಾಕಿ ಅದಾಳಂದ್ರ ಕೊಡತಾರ. ನೀವು ವಿಚಾರ ಮಾಡ್ರಿ.”

ಗಂಡ ಕಂಬಕ್ಕೆ ಒರಗಿ ನಿಂತಿದ್ದರು. ಗಾಣದ ಎತ್ತಿಗೆ ನೀರು ಕುಡಿಸುವ ಹೊತ್ತಾಗಿದೆ ಎಂದು ಹೋದರು.

ಮರುದಿನ ನನ್ನನ್ನು ಪಡಸಾಲೆಯಲ್ಲಿ ಮಲಗಿಸಿದರು. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಮಾಲೆ. ಬಳೆ ತೆಗೆದು ಗೋಡೆಯ ಮಾಡದಲ್ಲಿಟ್ಟರು. ನಾನು ಕಣ್ಣು ಮುಚ್ಚಿ ಮಲಗಿದ್ದೆ. ಅಷ್ಟು ತಿಂಗಳುಗಳಲ್ಲಿ ಮೊದಲ ಸಲ ರೆಪ್ಪೆಯೊಳಗೆ ಇರುವೆಗಳಿರಲಿಲ್ಲ. ಓಣಿಯ ಹೆಂಗಸರು ಬಂದು ಸುತ್ತ ಕೂತು ಅತ್ತರು. ಪಾಪ, ಒಳ್ಳೆಯ ಮಾತನ್ನೇ ಆಡಿದರು. ಹಪ್ಪಳ ಎಷ್ಟು ತೆಳುವಾಗಿ ಲಟ್ಟಿಸುತ್ತಿದ್ದೆ ಎಂದು ಹೊಗಳಿದರು. ಅಣ್ಣ ಬಂದ. ಅವನ ಬೀಡಿ ವಾಸನೆ ನನಗೆ ಗೊತ್ತು. ಕಾಲಬಳಿ ಕೂತು ಬಿಕ್ಕಿದ. ಆಮೇಲೆ ಬಿಕ್ಕುವುದನ್ನು ನಿಲ್ಲಿಸಿ ಮೆಲ್ಲಗೆ ಕೇಳಿದ.

“ಅತ್ತೆವ್ವಾರ, ಎದಿ ಏರಿ ಇಳ್ಯಾಕ ಹತ್ತೈತಲ್ಲ?”

“ಅದು ಒಳಗ ಉಳಿದಿದ್ದ ಗಾಳಿ” ಎಂದಳು ಅತ್ತೆ. “ನಮ್ಮ ತಂಗೆವ್ವಂದೂ ಹಂಗ ಇತ್ತು.”

ಅಣ್ಣ ಎಷ್ಟೋ ಹೊತ್ತು ಅಲ್ಲೇ ಕೂತಿದ್ದ. ನಾನು ಉಸಿರನ್ನು ಆದಷ್ಟು ಸಣ್ಣದು ಮಾಡಿಕೊಂಡೆ. ಅವನಿಗೆ ಮುಜುಗರವಾಗಬಾರದು ಎಂದು.

ಮೂರನೆಯ ದಿನ ಎದ್ದು ಅಡುಗೆಮನೆಗೆ ಹೋದೆ. ರೂಢಿಯಂತೆ ಅಂದು ತಂಗೆವ್ವ ಅಲ್ಲಿ ಇರಬಾರದಿತ್ತು. ಇದ್ದಳು. ಅದೇ ಜಾಗದಲ್ಲಿ, ಅದೇ ಹಿಟ್ಟಿನ ಕೊಣಮಿಗೆಯ ಮುಂದೆ ಕೂತು ನಾದುತ್ತಿದ್ದಳು. ಅತ್ತೆ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡಿದಳು. ಅವಳ ಮುಖ ಒಂದು ಗಳಿಗೆ ಬಿಳುಪೇರಿತು. ಆಮೇಲೆ, “ಇಬ್ಬರಿದ್ರ ಛಲೋನ ಆತು” ಎಂದು ತನ್ನಷ್ಟಕ್ಕೇ ಹೇಳಿಕೊಂಡು ಹೋದಳು. ನಾನು ನೀರಿನ ಹಂಡೆಯ ಪಕ್ಕದಲ್ಲಿ ಜಾಗ ಮಾಡಿಕೊಂಡೆ. ತಂಗೆವ್ವ ಯಾಕೆ ಹೋಗಲಿಲ್ಲ ಎಂದು ನಾನೂ ಯೋಚಿಸಿದೆ. ನನಗೆ ಕೆಲಸ ಕಲಿಸಲು ಇದ್ದಾಳೆ, ಕಲಿತ ಮೇಲೆ ಹೋಗುತ್ತಾಳೆ ಎಂದು ತೀರ್ಮಾನ ಮಾಡಿಕೊಂಡೆ.

ಸತ್ತ ಮೇಲಿನ ದಿನಗಳು ನೆಮ್ಮದಿಯಾಗಿದ್ದವು ಎಂದರೆ ನೀವು ನಂಬುವುದಿಲ್ಲ. ಯಾರೂ ಏನೂ ಕೇಳುತ್ತಿರಲಿಲ್ಲ. ಅತ್ತು ಯಾರಿಗೂ ತೊಂದರೆ ಕೊಡಬೇಕಾಗಿರಲಿಲ್ಲ. ಹಸಿವಾಗುತ್ತಿತ್ತು, ಎಡೆಗೆ ಇಟ್ಟ ರೊಟ್ಟಿಯಲ್ಲಿ ನನ್ನ ಪಾಲಿನದು ತಿನ್ನುತ್ತಿದ್ದೆ. ಸತ್ತವರಿಗೂ ಹಸಿವಾಗುತ್ತದೆ, ಅದಕ್ಕೇ ಎಡೆ ಇಡುತ್ತಾರೆ ಎಂದು ನನಗೆ ಅರ್ಥವಾಯಿತು. ತಿಂಗಳು ತಿಂಗಳು ಮುಟ್ಟಾಗುತ್ತಿದ್ದೆ. ಅದನ್ನು ಯಾರಿಗೂ ತಿಳಿಯದಂತೆ ನೋಡಿಕೊಂಡೆ. ಉಗುರು ಬೆಳೆದರೆ ಒರಳಿನ ಅಂಚಿಗೆ ಉಜ್ಜುತ್ತಿದ್ದೆ. ಹೆಣದ ಉಗುರೂ ಬೆಳೆಯುತ್ತದೆ ಎಂದು ಯಾರೋ ಹೇಳಿದ್ದು ಕೇಳಿದ್ದೆ.

ಕಷ್ಟವಾದದ್ದು ಪಾರಿಯ ವಿಷಯ ಒಂದೇ. ಉಳಿದವರು ಮಕ್ಕಳನ್ನು ಮುಟ್ಟಬಾರದು, ಮುಟ್ಟಿದರೆ ಮಗು ಬಡವಾಗುತ್ತದೆ ಎಂಬುದು ಊರಿನ ನಂಬಿಕೆ. ಅವಳು ನಡೆಯಲು ಕಲಿತಳು, ಮಾತು ಕಲಿತಳು. ಅಂಗಾಲಿಗೆ ಮುಳ್ಳು ಚುಚ್ಚಿಕೊಂಡು ಕುಂಟುತ್ತ ಒಂದು ದಿನ ಅಡುಗೆಮನೆಗೆ ಬಂದು ನನ್ನ ಮುಂದೆಯೇ ಕಾಲು ಚಾಚಿದಳು. ಮುಳ್ಳಿನ ತುದಿ ಕಾಣುತ್ತಿತ್ತು, ಉಗುರಿನಲ್ಲಿ ಹಿಡಿದರೆ ಬರುತ್ತಿತ್ತು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಅತ್ತೆ ಓಡಿ ಬಂದು ಅವಳನ್ನು ಎತ್ತಿಕೊಂಡು ಹೋದಳು. “ಅಲ್ಲಿ ಹೋಗಬಾರದವ್ವಾ, ಅವರು ಸತ್ತವರು” ಎನ್ನುವುದು ಪಡಸಾಲೆಯಿಂದ ಕೇಳಿಸಿತು. ನಾನು ಪಾತ್ರೆ ಬೆಳಗಿದೆ. ಎಲ್ಲ ಬೆಳಗಿದ ಮೇಲೆ ಬೆಳಗಿದವನ್ನೇ ಮತ್ತೆ ಬೆಳಗಿದೆ.

ಆಮೇಲೆ ಕಸ್ತೂರಿ ಬಂದಳು, ಅಡಿವೆಪ್ಪನ ಮೂರನೆಯ ಹೆಂಡತಿಯಾಗಿ. ಅವಳು ಹೊಳೆಯಾಚೆಯ ಊರಿನವಳು. ಅಲ್ಲಿ ಹೆಂಗಸರು ಸತ್ತರೆ ಸಾಯುತ್ತಾರೆ. ಮೊದಲ ದಿನ ನಮ್ಮನ್ನು ನೋಡಿ ಸೀರೆ ಹೊದಿಸಲು ಹತ್ತಿರವೇ ಬರಲಿಲ್ಲ, ದೂರದಿಂದ ಎಸೆದಳು. ಆದರೆ ಅವಳ ಬಾಯಿ ಸುಮ್ಮನಿರುವ ಬಾಯಿಯಲ್ಲ. ಆ ಮನೆಯಲ್ಲಿ ಮಾತಾಡಲು ಯಾರೂ ಸಿಗದೆ, ನಾಲ್ಕಾರು ದಿನಗಳಲ್ಲಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ನಮ್ಮೊಡನೆಯೇ ಶುರುಮಾಡಿದಳು.

“ನಿಮಗ ಕೇಳಸ್ತೈತೋ ಇಲ್ಲೋ ನನಗ ಗೊತ್ತಿಲ್ಲ. ನಾ ಅಂತೂ ಮಾತಾಡಾಕಿನ. ಇಲ್ಲಂದ್ರ ಹೊಟ್ಟಿ ಉಬ್ಬಿ ಸಾಯ್ತೀನಿ” ಎಂದಳು. ತನ್ನ ಚಿಕ್ಕಮ್ಮ ಹೊಳೆಯಾಚೆ ನಡೆಸುವ ಖಾನಾವಳಿ, ಅಲ್ಲಿ ಊಟಕ್ಕೆ ಬರುವ ಕಂಡಕ್ಟರ್, ಅವನು ಪ್ರತಿದಿನ ಚಟ್ನಿಗೆ ಖಾರ ಕಮ್ಮಿ ಎಂದು ಜಗಳ ತೆಗೆಯುವುದು, ಎಲ್ಲ ಹೇಳಿದಳು. ಅವನ ದನಿಯನ್ನು ಅಣಕಿಸಿ ತೋರಿಸಿದಳು. ನನ್ನ ತುಟಿಯ ಒಂದು ಮೂಲೆ ಅಲ್ಲಾಡಿತು. ಕೂಡಲೇ ಮುಖವನ್ನು ಒಲೆಯ ಕಡೆಗೆ ತಿರುಗಿಸಿದೆ. ಅವಳು ನೋಡಿದಳೋ ಇಲ್ಲವೋ ತಿಳಿಯಲಿಲ್ಲ. ಆದರೆ ಅಂದಿನಿಂದ ನನ್ನನ್ನು ಅಕ್ಕಾ ಎಂದು ಕರೆಯತೊಡಗಿದಳು, ಎಡೆಯ ರೊಟ್ಟಿಯ ಮೇಲೆ ಬೆಣ್ಣೆ ಸವರಿ ಇಡತೊಡಗಿದಳು.

ಕಸ್ತೂರಿಗೆ ಗಂಡು ಮಗುವಾಯಿತು. ಸಕ್ಕರೆ ಹಂಚಿದರು. ಸ್ವಲ್ಪ ದಿನಕ್ಕೆ ಅಡುಗೆಮನೆಯ ಹೊಸ್ತಿಲಿಗೆ ಅವಳು ಬರುವುದು ನಿಂತಿತು. ಬಂದಾಗಲೂ ಬಾಗಿಲ ಚೌಕಟ್ಟಿಗೆ ತಲೆ ಆನಿಸಿ ಸುಮ್ಮನೆ ಕೂರುತ್ತಿದ್ದಳು. ಕಣ್ಣ ಸುತ್ತ ಕಪ್ಪು. ಒಂದು ಮಧ್ಯಾಹ್ನ ಮಾತ್ರ, “ಅಕ್ಕಾ, ಇರಿವಿ ಹರದಾಡತಾವು” ಎಂದು ಕಣ್ಣು ಉಜ್ಜಿಕೊಂಡಳು. ನನ್ನ ಕೈಯಲ್ಲಿದ್ದ ತಂಬಿಗೆ ಜಾರಿ ಬಿತ್ತು. ಆ ವಾರವೇ ಪಂಡಿತ ಕಲ್ಲಯ್ಯನವರು ಬಂದು ಬಾಗಿಲ ಬಳಿ ಕೂತರು. ಮಾಳಿಗೆಯ ಮೇಲಿನ ಖೋಲಿಯ ಕಿಟಕಿಗಳನ್ನು ಮುಚ್ಚುವ ಸದ್ದು ಕೇಳಿಸಿತು.

ಕಷಾಯ ಕುದಿಸುವ ಕೆಲಸ ನನ್ನ ಪಾಲಿಗೆ ಬಂತು. ಕುದಿಸುತ್ತಿದ್ದೆ, ಸೋಸುತ್ತಿದ್ದೆ, ಮೇಲೆ ಒಯ್ದು ಕೊಡುತ್ತಿದ್ದೆ. ಸತ್ತವರು ಹೇಳಿದ ಕೆಲಸ ಮಾಡುತ್ತಾರೆ, ಕೇಳುವುದಿಲ್ಲ. ಕಸ್ತೂರಿ ಮೊದಮೊದಲು ಲೋಟ ತಳ್ಳುತ್ತಿದ್ದಳು, “ಅಕ್ಕಾ, ಬಾಗಿಲಾ ತಗದು ಬಿಡು, ಕೂಸಿಗೆ ಹಾಲು ಕೊಟ್ಟು ಬರ್ತೀನಿ” ಎಂದು ಅಂಗಲಾಚುತ್ತಿದ್ದಳು. ನಾನು ಗೋಡೆ ನೋಡುತ್ತ ನಿಲ್ಲುತ್ತಿದ್ದೆ. ದಿನ ಕಳೆದ ಹಾಗೆ ಅಂಗಲಾಚುವುದು ನಿಂತಿತು. ಲೋಟ ತೆಗೆದುಕೊಂಡು ತಾನಾಗಿಯೇ ಕುಡಿಯುತ್ತಿದ್ದಳು.

ಅದು ಒಂದು ಬೆಳಗ್ಗೆ. ಬಾಗಿಲ ಸಂದಿಯಿಂದ ಬಿಸಿಲಿನ ಗೆರೆಯೊಂದು ಹಾಸಿಗೆಯ ಮೇಲೆ ಬಿದ್ದಿತ್ತು. ಕಸ್ತೂರಿ ಎದ್ದು ಕೂತಿದ್ದಳು, ಕೂದಲು ಬಾಚಿಕೊಂಡಿದ್ದಳು, ಮುಖ ಶಾಂತವಾಗಿತ್ತು. ನನ್ನನ್ನು ನೋಡಿ ಸಣ್ಣ ದನಿಯಲ್ಲಿ ಹೇಳಿದಳು.

“ಅಕ್ಕಾ, ಕಷಾಯ ಬ್ಯಾಡ ಇನ್ನ. ನಾ ಸತ್ತೆ.”

ಲೋಟ ನೆಲಕ್ಕಿಟ್ಟೆ.

“ಮುಂಜಾನೆ ಏಳೂವಾಗ ಗೊತ್ತಾತು. ಏನೂ ನೋವಾಗಲಿಲ್ಲ. ಕೆಳಗ ನಿಮ್ಮ ಬಾಜೂಕ ಜಾಗಾ ಐತೇನು?”

“ಇಲ್ಲ” ಎಂದೆ.

ಅದು ನನ್ನ ದನಿಯೆಂದು ನನಗೇ ಗುರುತಾಗಲಿಲ್ಲ. ತುಕ್ಕು ಹಿಡಿದ ಕೀಲಿನ ಹಾಗಿತ್ತು. ಕಸ್ತೂರಿ ಬೆಚ್ಚಲಿಲ್ಲ. ಸತ್ತವರ ನಡುವೆ ಮಾತು ನಡೆಯುತ್ತದೆ ಎಂದು ಅವಳು ತಿಳಿದಿರಬೇಕು.

“ನೀ ಸತ್ತಿಲ್ಲ ಕಸ್ತೂರಿ.”

“ಸತ್ತೀನಿ ಅಕ್ಕಾ. ಒಳಗ ಏನೂ ಇಲ್ಲ.”

ಅವಳ ಕೈ ಹಿಡಿದೆ. “ಕೈ ನೋಡು, ಬೆಚ್ಚಗೈತಿ.”

“ನಿನ್ನ ಕೈನೂ ಬೆಚ್ಚಗೈತಿ” ಎಂದಳು.

“ಒಲಿ ಮುಂದ ಕೂಡತೀನಿ, ಅದರ ಕಾವು. ನಿನಗ ಹಸಿವಿ ಆಗತೈತಿಲ್ಲ? ಸತ್ತವರಿಗೆ ಆಗೂದಿಲ್ಲ.”

“ನೀ ರೊಟ್ಟಿ ತಿನ್ನೂದು ನಾ ನೋಡೀನಿ. ಬೆಣ್ಣಿ ಹಚ್ಚಿದ್ದು ಮೊದಲು ತಿಂತಿ.”

“ಕೂಸು ಅತ್ರ ಎದಿ ಜುಮ್ ಅಂತೈತಿಲ್ಲ ನಿನಗ?”

ಅವಳು ನನ್ನನ್ನೇ ನೋಡಿದಳು. “ಪಾರಿ ಅತ್ರ ನೀ ಕೆಲಸಾ ನಿಂದರಸ್ತಿ ಅಕ್ಕಾ. ಎಲ್ಲಾ ಉಳಿದವರೂ ಹಂಗನ?”

ನಾನು ಅವಳ ಮಣಿಕಟ್ಟಿನ ಮೇಲೆ ಬೆರಳಿಟ್ಟೆ. ಅಲ್ಲಿ ಬಡಿಯುತ್ತಿತ್ತು, ಸಣ್ಣ ಹಕ್ಕಿಯೊಂದು ಬುಟ್ಟಿಯೊಳಗಿಂದ ಕುಕ್ಕಿದ ಹಾಗೆ. “ಇಲ್ಲಿ ನೋಡು, ಇಲ್ಲಿ. ಇದು ಇರೂತನಕ ನೀ ಸತ್ತಿಲ್ಲ. ಯಾರು ಏನ್ ಹೇಳಿದ್ರೂ ಸತ್ತಿಲ್ಲ. ನೀನ ಹೇಳಿದ್ರೂ ಸತ್ತಿಲ್ಲ” ಎಂದೆ. ಕೂಗಿಯೇ ಹೇಳಿದೆ ಅಂತ ಕಾಣುತ್ತದೆ. ಕಸ್ತೂರಿ ತನ್ನ ಇನ್ನೊಂದು ಕೈಯನ್ನು ಚಾಚಿ ನನ್ನ ಮಣಿಕಟ್ಟನ್ನು ಹಿಡಿದಳು. ಹುಬ್ಬು ಗಂಟಿಕ್ಕಿ, ಕಿವಿಗೊಟ್ಟು ಕೇಳುವವಳ ಹಾಗೆ ತಲೆ ವಾಲಿಸಿದಳು. ನಾವು ಹಾಗೇ ಒಬ್ಬರ ಕೈ ಒಬ್ಬರು ಹಿಡಿದು ಕೂತಿದ್ದೆವು.

“ಅಕ್ಕಾ, ಬಡ್ಯಾಕ ಹತ್ತೈತಿ” ಎಂದಳು. ಹಾಗೆಂದು ಅಳತೊಡಗಿದಳು. ಎಷ್ಟು ಜೋರಾಗಿ ಅತ್ತಳೆಂದರೆ ಕೆಳಗೆ ಅವಳ ಮಗು ಎದ್ದು ತಾನೂ ಅಳತೊಡಗಿತು.

ನಾನು ಅವಳನ್ನು ತೋಳಿನಲ್ಲಿ ಹಿಡಿದು ನಿಚ್ಚಣಿಕೆ ಇಳಿಸಿದೆ. ಅಂಗಳದಲ್ಲಿ ಅತ್ತೆ ಮಗುವನ್ನು ಕಾಲಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು. ಪಾರಿ ಪಕ್ಕದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು.

“ಕೂಸಿನ್ನ ಕೊಡ್ರಿ ಅತ್ತಿ. ಹಸದೈತಿ” ಎಂದೆ.

ಅಂಬವ್ವನ ಬಾಯಿ ತೆರೆದೇ ಉಳಿಯಿತು. ಅವಳು ಕೂತಲ್ಲಿಂದಲೇ ಹಿಂದಕ್ಕೆ ಸರಿದು, ಬೆನ್ನು ಗೋಡೆಗೆ ತಾಗಿದ ಮೇಲೆ ಕಿರುಚಿದಳು. “ಅಡಿವೆಪ್ಪಾ! ಸತ್ತಾಕಿ ಮಾತಾಡಿದ್ಲೋ!” ಕಸ್ತೂರಿ ಮಗುವನ್ನು ಎತ್ತಿಕೊಂಡಳು. ಅಡಿವೆಪ್ಪ ಗಾಣದ ಮನೆಯಿಂದ ಓಡಿ ಬಂದರು, ಮೊಣಕೈತನಕ ಎಣ್ಣೆ ಸುರಿಯುತ್ತಿತ್ತು. ನನ್ನನ್ನು ನೋಡಿ ನಿಂತರು. ಅವರ ಕಣ್ಣಲ್ಲಿ ಹೆದರಿಕೆ ಇತ್ತು, ಆದರೆ ದೆವ್ವ ಕಂಡವರ ಹೆದರಿಕೆಯಲ್ಲ.

“ಕಸ್ತೂರಿನ್ನೂ ಮಕ್ಕಳನ್ನೂ ಕರಕೊಂಡು ಹೊಳಿಯಾಚೆ ಹೊಂಟೀನಿ” ಎಂದೆ. “ತಡೀಬೇಕಂದ್ರ ತಡೀರಿ. ಆದ್ರ ಮೊದಲು ನೀವ ಹೇಳ್ರಿ, ನಾ ಸತ್ತೀನೋ ಇಲ್ಲೋ.”

ಅವರು ತಾಯಿಯ ಕಡೆ ನೋಡಿದರು. ಹೊರಗೆ ಓಣಿಯ ಜನ ಸೇರುವ ಸದ್ದು ಬರುತ್ತಿತ್ತು. ಸತ್ತಿಲ್ಲ ಎಂದರೆ, ಬದುಕಿದ್ದ ಹೆಂಡತಿಗೆ ಮಾಲೆ ಹಾಕಿ ಮಲಗಿಸಿದ್ದೆವೆಂದು ಊರ ಮುಂದೆ ಒಪ್ಪಬೇಕು. ಸತ್ತಿದ್ದಾಳೆ ಎಂದರೆ, ಸತ್ತವಳನ್ನು ಮುಟ್ಟಿ ತಡೆಯುವುದು ಹೇಗೆ. ಕೊನೆಗೆ ಪಕ್ಕಕ್ಕೆ ಸರಿದು ನಿಂತರು. ಬದುಕಿನಲ್ಲಿ ನನಗೆ ಅವರು ಕೊಟ್ಟ ಉತ್ತರ ಅದೊಂದೇ.

ಪಾರಿಯ ಕೈ ಹಿಡಿದೆ. ಅವಳು ಕೈ ಕಸಿದುಕೊಳ್ಳಲು ನೋಡಿದಳು. “ಬಿಡು, ನಾ ಬಡವಾಗ್ತೀನಿ” ಎಂದು ಅತ್ತಳು. ಬಿಡಲಿಲ್ಲ. ಹೋಗುವ ಮುಂಚೆ ಅಡುಗೆಮನೆಯೊಳಗೆ ಇಣುಕಿದೆ. ತಂಗೆವ್ವ ಪಾತ್ರೆ ತೊಳೆಯುತ್ತಿದ್ದಳು, ಹೊರಗಿನ ಗದ್ದಲ ಕೇಳಿಸದವಳ ಹಾಗೆ. “ಬರ್ತೀಯೇನು ಅಕ್ಕಾ?” ಎಂದೆ. ಅವಳ ಕೈ ನೀರಿನೊಳಗೆ ನಿಂತಿತು. ನಿಂತದ್ದನ್ನು ನಾನು ನೋಡಿದ್ದೇನೆ. ಕಸ್ತೂರಿ, ಇಲ್ಲ, ಅವಳು ತೊಳೆಯುತ್ತಲೇ ಇದ್ದಳು ಎನ್ನುತ್ತಾಳೆ. ಅಷ್ಟರಲ್ಲಿ ಓಣಿಯಲ್ಲಿ ಯಾರೋ ಕಲ್ಲಯ್ಯನವರನ್ನು ಕರೆಯಿರಿ ಎಂದು ಕೂಗಿದರು. ಕಸ್ತೂರಿ ನನ್ನ ಸೆರಗು ಜಗ್ಗಿದಳು. ಹೊರಟೆವು.

ಹಾಡಹಗಲು ಪೇಟೆಯ ನಡುವೆ ನಡೆದೆವು. ಜನ ಅಂಗಡಿಯ ಕಟ್ಟೆಗಳನ್ನು ಹತ್ತಿ ನಿಂತರು. ಬಾಗಿಲುಗಳು ಮುಚ್ಚಿಕೊಂಡವು. ಮಾತಾಡುವ ಸತ್ತವಳನ್ನು ತಡೆಯುವ ಧೈರ್ಯ ಯಾರಿಗೂ ಇರಲಿಲ್ಲ. ಹೊಳೆಯ ದಂಡೆಯಲ್ಲಿ ನೀರು ಮೊಣಕಾಲಿನಷ್ಟಿತ್ತು. ಪಾರಿಯನ್ನು ಕಂಕುಳಲ್ಲಿ ಎತ್ತಿಕೊಂಡೆ. ಅವಳು ನನ್ನ ಕೊರಳು ಹಿಡಿಯಲಿಲ್ಲ. ಆದರೆ ನೀರು ಆಳವಾದಾಗ ನನ್ನ ಕೂದಲು ಹಿಡಿದುಕೊಂಡಳು. ನೋವಾಯಿತು, ಬಹಳ.

ಈಗ ಕಸ್ತೂರಿಯ ಚಿಕ್ಕಮ್ಮನ ಖಾನಾವಳಿಯಲ್ಲಿ ಇದ್ದೇವೆ. ಕಸ್ತೂರಿಗೆ ಗುಣವಾಗಲು ಒಂದು ಮಳೆಗಾಲ ಹಿಡಿಯಿತು. ಕೋಣೆಯಲ್ಲಿ ಕೂಡಿಹಾಕಿ ಅಲ್ಲ. ಚಿಕ್ಕಮ್ಮ ಅವಳ ಮಗುವನ್ನು ಅವಳ ಮಗ್ಗುಲಲ್ಲೇ ಮಲಗಿಸಿ, ತಾನು ಆ ಬದಿಗೆ ಮಲಗುತ್ತಿದ್ದಳು. ಅತ್ತಾಗ ಅಳಲು ಬಿಟ್ಟಳು. ಈಗ ಕಸ್ತೂರಿ ಕಂಡಕ್ಟರನ ಜೊತೆ ಚಟ್ನಿಯ ವಿಷಯಕ್ಕೆ ಜಗಳವಾಡುತ್ತಾಳೆ. ಪಾರಿ ಶಾಲೆಗೆ ಹೋಗುತ್ತಾಳೆ. ನನ್ನನ್ನು ಅವ್ವಾ ಎನ್ನಲು ಅವಳಿಗೆ ಬಹಳ ದಿನ ಬೇಕಾಯಿತು, ಈಗಲೂ ಸಿಟ್ಟು ಬಂದರೆ ‘ಸತ್ತಾಕಿ’ ಎನ್ನುತ್ತಾಳೆ.

ನನಗೆ ಪೂರ್ತಿ ಗುಣವಾಗಿದೆ ಎಂದು ನಾನು ಹೇಳುವುದಿಲ್ಲ. ಮೊದಲ ಸಾಲಿನಲ್ಲಿ ಸತ್ತೆ ಎಂದೇ ಹೇಳಿದೆನಲ್ಲ, ಅದು ಬಾಯಿ ತಪ್ಪಿ ಬಂದದ್ದಲ್ಲ. ಕೆಲವು ದಿನ ಬೆಳಗ್ಗೆ ಎದ್ದಾಗ ಎದೆಯೊಳಗಿನ ಕುಡಿ ಆರಿಯೇ ಇರುತ್ತದೆ. ಆಗ ಮಾತಾಡದೆ ಹಿಟ್ಟಿನ ಮುಂದೆ ಕೂರುತ್ತೇನೆ. ಕಸ್ತೂರಿ ಬಂದು, ಏನೂ ಹೇಳದೆ, ಮಣಿಕಟ್ಟು ಹಿಡಿದು ಪಕ್ಕದಲ್ಲಿ ಕೂರುತ್ತಾಳೆ. ಒಲೆಯ ಮೇಲಿನ ರೊಟ್ಟಿ ಸುಟ್ಟರೂ ಎದ್ದು ಹೋಗುವುದಿಲ್ಲ.

ನಿನ್ನೆ ನಾನು ಹೊಳೆ ದಾಟಿ ಆ ಊರಿಗೆ ಹೋಗಿ ಬಂದೆ. ಕಸ್ತೂರಿ ಬೇಡವೆಂದು ಬಾಗಿಲಿಗೆ ಅಡ್ಡ ನಿಂತಿದ್ದಳು. “ಆ ಉಳಿದವರು ಖರೇನ ಸತ್ತವರು ಅಕ್ಕಾ. ನೀ ಒಬ್ಬಾಕಿ ಸತ್ತಿರಲಿಲ್ಲ, ಅಷ್ಟ. ಹುಚ್ಚಿಯಂಗ ಮಾಡಬ್ಯಾಡ” ಎಂದಳು. ಇರಬಹುದು. ಯಾರು ಸತ್ತವರು, ಯಾರು ಅಲ್ಲ ಎಂದು ಹೇಳಲು ನಾನು ತಕ್ಕವಳಲ್ಲ. ಆದರೂ ಹೋದೆ.

ಊರಿನ ಈಚೆಗೆ ಹೊಳೆಯ ದಂಡೆಯಲ್ಲಿ ಬಟ್ಟೆ ಒಗೆಯುವ ಬಂಡೆಗಳಿವೆ. ಮಧ್ಯಾಹ್ನ ಬದುಕಿರುವವರು ಊಟಕ್ಕೆ ಹೋದ ಮೇಲೆ ಉಳಿದವರನ್ನು ಅಲ್ಲಿಗೆ ಕಳಿಸುತ್ತಾರೆ. ಅವರು ಸಾಲಾಗಿ ಕೂತು ಒಗೆಯುತ್ತಿದ್ದರು. ಬಟ್ಟೆ ಬಂಡೆಗೆ ಬಡಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಯಾರೂ ತಲೆ ಎತ್ತಲಿಲ್ಲ. ಅಂಚಿನಲ್ಲಿ ಕೂತಿದ್ದವಳು ಯಾವ ಮನೆಯವಳೋ ನನಗೆ ಗೊತ್ತಿಲ್ಲ. ನನಗಿಂತ ಹಿರಿಯಳು, ಕೂದಲು ನರೆತಿತ್ತು. ಅವಳ ಪಕ್ಕದಲ್ಲಿ ನೀರಿಗೆ ಕಾಲಿಟ್ಟು ಕೂತೆ. ಅವಳು ಒಂದು ಮಗುವಿನ ಅಂಗಿಯನ್ನು ಹಿಂಡುತ್ತಿದ್ದಳು. ಹಿಂಡಿ ಮುಗಿಯುವತನಕ ಕಾದು, ಮೆಲ್ಲಗೆ ಅವಳ ಮಣಿಕಟ್ಟು ಹಿಡಿದೆ.

ಕೈ ತಣ್ಣಗಿತ್ತು. ನಾನು ಬಿಡಲಿಲ್ಲ.